ಹೊರವಲಯದಲ್ಲಿ ಒಳ್ಳೆಯ ಸುಶಿ

ಅಮೆರಿಕದ ಮಹಾನಗರಗಳ ಹೊರವಲಯದಲ್ಲಿ ಒಳ್ಳೆಯ ಜಪಾನೀ ಊಟ ಹುಡುಕುವವರು ಮೊದಲು ಜಪಾನೀಯರು ಎಲ್ಲಿ ನೆಲೆಸಿದ್ದಾರೆಂಬುದನ್ನು ಗಮನಿಸಬೇಕು. ಟೊಯೋಟ ಕಂಪನಿಯು ತನ್ನ ಉತ್ತರ ಅಮೆರಿಕದ ಪ್ರಧಾನ ಕಚೇರಿಯನ್ನು ಕ್ಯಾಲಿಫೋರ್ನಿಯಾದ ಟಾರೆನ್ಸ್‌ನಿಂದ ಡಲ್ಲಾಸ್ ಬಳಿಯ ಪ್ಲೇನೊಗೆ ಸ್ಥಳಾಂತರಿಸಿದ 2017ರಲ್ಲೇ ಮಿತ್ಸುವಾ ಎಂಬ ಜಪಾನೀ ದಿನಸಿ ಮಳಿಗೆಯೂ ಅಲ್ಲಿ ತೆರೆಯಿತು. ಹುಡುಕಾಟವನ್ನು ಇಂಥ ಮಳಿಗೆಯ ಸುತ್ತಮುತ್ತಲಿಂದ ಆರಂಭಿಸುವುದು ಲೇಸು.

ಸುಶಿಯ ಜೀವಾಳ ಅದರ ಅನ್ನ. ಗಿಡ್ಡ ಕಾಳಿನ ಅಕ್ಕಿಯನ್ನು ಬೇಯಿಸಿ, ಅಕ್ಕಿಯ ವಿನೆಗರ್, ಸಕ್ಕರೆ, ಉಪ್ಪು ಬೆರೆಸಿ ಮಾಡುವ ಈ ಅನ್ನವು ಮೈಬಿಸಿಯಷ್ಟು ಬೆಚ್ಚಗಿದ್ದು, ಕೈಯಲ್ಲಿ ಹಿಡಿದಾಗ ಒಡೆಯದೆ, ಬಾಯಿಗೆ ಬಿದ್ದೊಡನೆ ಬಿಡಿಬಿಡಿಯಾಗಬೇಕು. ಫ್ರಿಜ್ಜಿನಲ್ಲಿ ಗಟ್ಟಿಯಾದ ಅನ್ನ ಬಡಿಸುವ ಹೋಟೆಲಿಗೆ, ಮೀನು ಎಷ್ಟೇ ಚೆನ್ನಾಗಿದ್ದರೂ, ಮತ್ತೆ ಹೋಗಬೇಕಾಗಿಲ್ಲ. ಕಡಲು ದೂರವೆಂದು ಹಿಂಜರಿಯುವುದೂ ಬೇಡ: ಟ್ಯೂನಾದಂಥ ಕೆಲವನ್ನು ಬಿಟ್ಟರೆ, ಹಸಿಯಾಗಿ ತಿನ್ನುವ ಮೀನನ್ನು ಪರೋಪಜೀವಿಗಳು ಸಾಯಲೆಂದು ಮೈನಸ್ 20 ಡಿಗ್ರಿ ಸೆಲ್ಸಿಯಸ್‌ನಲ್ಲಿ 7 ದಿನ, ಅಥವಾ ಅದಕ್ಕಿಂತ ಹೆಚ್ಚಿನ ಶೈತ್ಯದಲ್ಲಿ ಕಡಿಮೆ ಹೊತ್ತು ಇಡಬೇಕೆಂದು ಅಲ್ಲಿನ ಆಹಾರ ಸಂಹಿತೆ ಹೇಳುತ್ತದೆ.

ಅಲ್ಲಿ ನೆಲೆಸಿರುವ ಸಸ್ಯಾಹಾರಿ ಕನ್ನಡಿಗರು ವಿಶೇಷವಾಗಿ ಎಚ್ಚರ ವಹಿಸಬೇಕಾದದ್ದು ದಾಶಿಯ ವಿಷಯದಲ್ಲಿ. ಹೊಗೆಯಾಡಿಸಿ ಒಣಗಿಸಿದ ಮೀನಿನ ತೆಳು ಎಸಳುಗಳನ್ನೂ ಕೊಂಬು ಎಂಬ ಕಡಲಕಳೆಯನ್ನೂ ನೀರಿನಲ್ಲಿ ಕಾಯಿಸಿ ತೆಗೆಯುವ ಈ ತಿಳಿಸಾರು, ಮೀನಿನ ತುಣುಕೇ ಕಾಣದ ಮಿಸೊ ಸೂಪು, ಟೆಂಪುರಾದ ಅದ್ದುರಸ, ತೋಫುವಿನ ಖಾದ್ಯಗಳಲ್ಲೂ ಸಾಮಾನ್ಯವಾಗಿ ಸೇರಿರುತ್ತದೆಯಾದ್ದರಿಂದ, ಬರೀ ‘ಮೀನು ಇದೆಯೇ’ ಎಂದಷ್ಟೇ ವಿಚಾರಿಸದೆ ದಾಶಿಯ ಹೆಸರು ಹಿಡಿದೇ ಕೇಳಬೇಕು. ಸೌತೆಕಾಯಿ ಸುರುಳಿಯಾದ ಕಪ್ಪಾಮಾಕಿಯು ಇಂಥವರಿಗೆ ಹೆಚ್ಚು ಕಡೆ ಒಗ್ಗುತ್ತದೆ.