ಇಳಿಜಾರಿಗೆ ಮುನ್ನ

ಉದ್ಯೋಗನಿಮಿತ್ತವಾಗಿ ಅಮೆರಿಕದ ವರ್ಮಾಂಟ್ ರಾಜ್ಯದಲ್ಲಿ ನೆಲಸಿ, ಅಲ್ಲಿಯ ಜನರಂತೆಯೇ ಚಳಿಗಾಲದ ಬಿಡುವನ್ನು ಸ್ಕೀ ಹಲಗೆಗಳ ಮೇಲೆ ಕಳೆಯುವುದನ್ನು ರೂಢಿಸಿಕೊಂಡ ಬಯಲುಸೀಮೆಯವನಾದ ನನಗೆ, ಈ ವಿಹಾರದ ಅಪಾಯಗಳ ವಿಷಯದಲ್ಲಿ ವರ್ಷಗಳ ಅನುಭವದಿಂದ ದೃಢಪಟ್ಟ ಸಂಗತಿಯೊಂದುಂಟು: ಮೈಯ ರಕ್ಷಣೆ ಪರ್ವತದ ನೆತ್ತಿಯನ್ನು ಮುಟ್ಟುವುದಕ್ಕೆ ಬಹು ಮುಂಚೆಯೇ, ಸಲಕರಣೆಗಳನ್ನು ಬಾಡಿಗೆಗೆ ಕೊಡುವ ಅಂಗಡಿಯಲ್ಲಿಯೇ, ಮೊದಲಾಗತಕ್ಕದ್ದು.

ಅಂಗಡಿಯಾತನು ತೂಕ, ಎತ್ತರ, ವಯಸ್ಸುಗಳನ್ನು ಕೇಳಿ, ಬೂಟಿನ ಅಟ್ಟೆಯ ಉದ್ದವನ್ನು ನೋಡಿ, ನಮ್ಮ ಪರಿಣತಿ ಎಷ್ಟರಮಟ್ಟಿನದೆಂದು ವಿಚಾರಿಸುತ್ತಾನೆ. ಅನಂತರ ಬೂಟನ್ನು ಹಲಗೆಗೆ ಹಿಡಿದಿಡುವ ಬೈಂಡಿಂಗಿನ ತಿರುಪನ್ನು ತಿರುಗಿಸುತ್ತ, ಅದರ ಪುಟ್ಟ ಕಿಂಡಿಯಲ್ಲಿ ಸರಿಯುವ ಗುರುತನ್ನು ತಕ್ಕ ಅಂಕಿಗೆ ತಂದು ನಿಲ್ಲಿಸುತ್ತಾನೆ. ಎಷ್ಟು ಬಲ ಬಿದ್ದರೆ ಬೂಟು ಕಳಚಿಕೊಳ್ಳಬೇಕೆಂಬುದನ್ನು ನಿರ್ಧರಿಸುವುದು ಆ ಅಂಕಿ. ಸ್ನೇಹಿತರೆದುರಿಗೆ ಸಂಕೋಚಪಟ್ಟು ಹೊಸಬನು ತನ್ನನ್ನು ನುರಿತವನೆಂದು ಹೇಳಿಕೊಂಡರೆ ಅಂಕಿ ಏರುತ್ತದೆ. ಆಗ ಮಂದಗತಿಯಲ್ಲಿ ತಿರುಚಿ ಬಿದ್ದವನ ಕಾಲನ್ನು ಹಲಗೆ ಬಿಡದೆಯೇ ಹೋಗಬಹುದು. ಅಟ್ಟೆಗೆ ಮೆತ್ತಿದ ಮಂಜನ್ನು ಕೆರೆದುಹಾಕದೆ ಬೂಟನ್ನು ಸೇರಿಸಿದರೂ ಕಳಚಿಕೊಳ್ಳುವ ಕ್ರಮ ಕೆಡುತ್ತದೆ.

ಇದೇ ರಾಜ್ಯದ ಷುಗರ್‌ಬುಷ್ ಎಂಬಲ್ಲಿ ರಾಬರ್ಟ್ ಜಾನ್ಸನ್, ಕಾರ್ಲ್ ಎಟ್ಲಿಂಗರ್, ಜಾಸ್ಪರ್ ಶೀಲಿ ಎಂಬ ಮೂವರು 1972ರಿಂದ ದಶಕಗಳ ಕಾಲ ನಡೆಸಿದ ಅಧ್ಯಯನದಿಂದ, ಬೂಟು ಬೈಂಡಿಂಗುಗಳು ಸುಧಾರಿಸಿದಂತೆಲ್ಲ ಕಣಕಾಲಿನ ಎಲುಬು ಮುರಿಯುವುದು ಬಹಳ ಕಡಮೆಯಾಯಿತೆಂದು ತಿಳಿದುಬಂದಿತು. ಮಂಡಿಯೊಳಗಿನ ಮುಂಭಾಗದ ಅಸ್ಥಿರಜ್ಜುವಿಗೆ ಮಾತ್ರ ಆ ಭಾಗ್ಯ ದೊರೆಯಲಿಲ್ಲ. ಸಾಧಾರಣ ಬೈಂಡಿಂಗು ಬೂಟಿನ ಮುಂತುದಿಯನ್ನು ಪಕ್ಕಕ್ಕೂ ಹಿಮ್ಮಡಿಯನ್ನು ಮೇಲಕ್ಕೂ ಬಿಟ್ಟುಕೊಡುತ್ತದೆ. ಆದರೆ ಮೈ ಹಿಂದಕ್ಕೆ ವಾಲಿ, ಸೊಂಟ ಮಂಡಿಗಿಂತ ಕೆಳಕ್ಕಿಳಿದು, ಭಾರವೆಲ್ಲ ಇಳಿಜಾರಿನ ಕೆಳಮಗ್ಗುಲ ಹಲಗೆಯ ಹಿಂತುದಿಯ ಒಳಅಂಚಿನ ಮೇಲೆ ಬಿದ್ದಾಗ, ಅದು ಬಿಟ್ಟುಕೊಡುವ ಮೊದಲೇ ಮಂಡಿ ತಿರುಚಿಹೋಗುತ್ತದೆ. ಕಲಿಯುವವರ ಇಳಿಜಾರಿನಲ್ಲಿ, ಕುಳಿತ ಭಂಗಿಯಲ್ಲಿಯೇ ಜಾರುತ್ತಿರುವವನೊಬ್ಬನು ಕೈಯನ್ನು ಹಿಂದಕ್ಕೂರಿ ಎದ್ದುನಿಲ್ಲಲು ಹೆಣಗುವುದನ್ನು ಕಂಡಾಗಲೆಲ್ಲ ನನಗೆ ಎದೆ ಧಸಕ್ಕೆನ್ನುತ್ತದೆ. ಕಾಲುಗಳನ್ನು ನೆಟ್ಟಗೆ ಚಾಚದೆ, ಜಾರುವುದು ಪೂರ್ತಿಯಾಗಿ ನಿಲ್ಲುವ ತನಕ ಏಳಲೆಳಸದೆ ಬಿದ್ದಲ್ಲಿಯೇ ಇರುವುದು ಕ್ಷೇಮ.

ಸ್ನೋಬೋರ್ಡಿನಲ್ಲಿ ಎರಡು ಪಾದಗಳೂ ಒಂದೇ ಹಲಗೆಗೆ ಬಂಧಿತವಾಗಿರುವುದರಿಂದ ಮಂಡಿ ತಕ್ಕಮಟ್ಟಿಗೆ ಪಾರಾಗುತ್ತದೆ. ಬೀಳುವ ಮನುಷ್ಯನು ಸ್ವಭಾವತಃ ಕೈಚಾಚುವನಾದ್ದರಿಂದ ಪೆಟ್ಟು ಮಣಿಕಟ್ಟಿಗೆ. ಹೊಸಬರಿಗೆ ಮಣಿಕಟ್ಟಿನ ಕವಚ ಅವಶ್ಯ. ಸ್ಕೀ ಆಡುವವರು ಕೋಲನ್ನು ಹಿಡಿದೇ ಬಿದ್ದರೆ ಹೆಬ್ಬೆರಳ ಬುಡದ ರಜ್ಜು ಹರಿಯಬಹುದು. ಹೆಲ್ಮೆಟ್ ಇಬ್ಬರಿಗೂ ಬೇಕು. ಆದರೆ ಅತಿವೇಗಕ್ಕೆ ಅದು ಪರಿಹಾರವಲ್ಲ.

ನುರಿತವರಿಗಿಂತ ಹೊಸಬರಿಗೇ ಗಾಯದ ಸಂಭವ ಹೆಚ್ಚಾದಕಾರಣ, ಊರಿನಿಂದ ಬರುವ ತರುಣ ಬಂಧುಗಳೊಡನೆ ನಾನೂ ಅಂಗಡಿಗೆ ಹೋಗಿ, "ಹೊಸಬನೆಂದೇ ಹೇಳಪ್ಪಾ, ಅದರಲ್ಲಿ ನಾಚಿಕೆಯೇನಿದೆ" ಎನ್ನುತ್ತೇನೆ. ಮೊದಲ ಪಾಠಗಳನ್ನು ಶಿಕ್ಷಕರಿಂದಲೇ ಕಲಿಯಬೇಕೆಂದೂ, ತೊಡೆಗಳು ದಣಿದ ಮೇಲೆ ಇನ್ನೊಂದು ಸಲವೆಂಬ ಆಸೆಗೆ ಎಡೆಗೊಡಬಾರದೆಂದೂ ಹೇಳುತ್ತೇನೆ. ಹರಿದ ರಜ್ಜುವಿಗೆ ಶಸ್ತ್ರಚಿಕಿತ್ಸೆಯಾಗಿ ಕಾಲು ಮೊದಲಿನಂತಾಗಲು ಹಲವು ತಿಂಗಳುಗಳೇ ಹಿಡಿಯುತ್ತವೆ; ದಣಿವನ್ನು ಒಪ್ಪಿಕೊಂಡು ಹಲಗೆ ಕಳಚಿದವನು ಕಳೆದುಕೊಳ್ಳುವುದು ಆ ಸಂಜೆಯ ಕೊನೆಯ ಒಂದು ಜಾರಾಟವನ್ನು ಮಾತ್ರ.