ಕಡಲ ಮಗ್ಗುಲಲ್ಲಿ ಸಿಹಿನೀರು

ಮನುಷ್ಯನದ್ದೊಂದು ಸ್ವಭಾವವಿದೆ. ವ್ಯಾಪಾರದಲ್ಲಿ ಲಾಭವಾದರೆ, ಕಾಯಿಲೆ ವಾಸಿಯಾದರೆ, ಮಗನಿಗೆ ಕೆಲಸ ಸಿಕ್ಕಿದರೆ ಅವನು 'ಅಲ್‌ಹಮ್ದುಲಿಲ್ಲಾಹ್' ಎನ್ನುತ್ತಾನೆ. ಆದರೆ ದಿನವೂ ತಪ್ಪದೆ ಸಿಗುವುದು ಅವನಿಗೆ ಅನುಗ್ರಹವೆಂದು ತೋರುವುದೇ ಇಲ್ಲ. ಅಲ್ಲಾಹನ ಅನುಗ್ರಹಗಳು ಮನುಷ್ಯನ ಎಣಿಕೆಗೆ ಸಿಗುವಂಥವಲ್ಲ ಎಂದು ಪವಿತ್ರ ಕುರ್‌ಆನ್ ನೆನಪಿಸುತ್ತದೆ (ಅನ್ನಹ್ಲ್: 18). ಎಲ್ಲವನ್ನೂ ಎಣಿಸಲಾಗದಿದ್ದರೂ ಒಂದನ್ನು ಸ್ವಲ್ಪ ನಿಂತು ನೋಡಬಹುದಲ್ಲವೇ? ಬಾವಿಯಿಂದ ಸೇದಿದ ಒಂದು ಕೊಡ ನೀರನ್ನೇ ತೆಗೆದುಕೊಳ್ಳೋಣ.

ಭಟ್ಕಳದ ಪಶ್ಚಿಮಕ್ಕೆ ಅರಬ್ಬಿ ಸಮುದ್ರ. ಒಂದು ಲೀಟರ್ ಕಡಲ ನೀರಿನಲ್ಲಿ ಸುಮಾರು 35 ಗ್ರಾಂ ಉಪ್ಪಿದೆ. ಬಾಯಾರಿದವನು ಅದನ್ನು ಕುಡಿದರೆ ಬಾಯಾರಿಕೆ ಇನ್ನಷ್ಟು ಹೆಚ್ಚುತ್ತದೆ. ಆದರೂ ಇಲ್ಲಿ ಹಿತ್ತಲ ಬಾವಿಗೆ ಕೊಡ ಇಳಿಸಿದರೆ ಸಿಹಿನೀರು ಬರುತ್ತದೆ. ಇದು ಹೇಗೆ? ಮಳೆಗಾಲದ ನೀರನ್ನು ಚಿರೇಕಲ್ಲಿನ ನೆಲ ಹೀರಿಕೊಳ್ಳುತ್ತದೆ. ಸಿಹಿನೀರು ಕಡಲ ನೀರಿಗಿಂತ ಲೀಟರಿಗೆ ಸುಮಾರು 25 ಗ್ರಾಂ ಹಗುರ. ಆದ್ದರಿಂದ ಅದು ಭೂಮಿಯೊಳಗೆ ಉಪ್ಪುನೀರಿನ ಮೇಲೆ ತೇಲಿ ನಿಲ್ಲುತ್ತದೆ. ಸಮುದ್ರ ಮಟ್ಟಕ್ಕಿಂತ ಒಂದು ಅಡಿ ಎತ್ತರಕ್ಕೆ ಸಿಹಿನೀರು ನಿಂತರೆ, ಅದು ಕೆಳಗಿನ ಉಪ್ಪುನೀರನ್ನು ಸುಮಾರು 40 ಅಡಿ ಆಳಕ್ಕೆ ಒತ್ತಿ ಹಿಡಿಯುತ್ತದೆ ಎಂಬುದು ಅಂತರ್ಜಲ ತಜ್ಞರ ಲೆಕ್ಕ. ಈ 25 ಗ್ರಾಂ ವ್ಯತ್ಯಾಸವನ್ನು ಇಟ್ಟವನು ಯಾರು?

ಕುಡಿಯುವ ನೀರನ್ನು ಮೋಡದಿಂದ ಇಳಿಸಿದವರು ಮನುಷ್ಯರೋ ಎಂದು ಅಲ್ಲಾಹನು ಪ್ರಶ್ನಿಸುತ್ತಾನೆ. ತಾನು ಬಯಸಿದ್ದರೆ ಅದು ಬರಿಯ ಉಪ್ಪಾಗುತ್ತಿತ್ತೆಂದು ಎಚ್ಚರಿಸುತ್ತಾನೆ (ಅಲ್ ವಾಕಿಅಃ: 68-70). ಕರಾವಳಿಯವರಿಗೆ ಈ ವಚನಗಳಿಗೆ ಹೆಚ್ಚಿನ ವಿವರಣೆ ಬೇಕಿಲ್ಲ. ಭಟ್ಕಳದ ಎಷ್ಟೋ ಮನೆಗಳ ಮಕ್ಕಳು ದುಬೈಯಲ್ಲಿ ದುಡಿಯುತ್ತಾರೆ. ಅಲ್ಲಿ ನಲ್ಲಿಯಲ್ಲಿ ಬರುವುದು ಬಹುಪಾಲು ಉಪ್ಪು ತೆಗೆದ ಕಡಲ ನೀರು. ಅದಕ್ಕೆ ದೊಡ್ಡ ಯಂತ್ರಗಳು ಬೇಕು, ಇಂಧನ ಬೇಕು. ತಿಂಗಳಿಗೆ ಬಿಲ್ಲೂ ಬರುತ್ತದೆ. ಮಗ ಅಲ್ಲಿ ಹಣ ಕೊಟ್ಟು ಪಡೆಯುವುದನ್ನು ತಾಯಿ ಇಲ್ಲಿ ಹಗ್ಗ ಇಳಿಸಿ ಪಡೆಯುತ್ತಾಳೆ.

ಒಮ್ಮೆ ಪ್ರವಾದಿವರ್ಯರು(ಸ), ಅಬೂಬಕರ್(ರ) ಮತ್ತು ಉಮರ್(ರ) ಹಸಿವು ತಾಳಲಾರದೆ ಹೊರಬಂದು ಒಬ್ಬ ಅನ್ಸಾರಿಯ ಮನೆಗೆ ಹೋದರು. ಮನೆಯ ಯಜಮಾನರು ಸಿಹಿನೀರು ತರಲು ಹೋಗಿದ್ದರು. ಮದೀನಾದಲ್ಲಿ ಅದನ್ನು ಹುಡುಕಿ ತರಬೇಕಿತ್ತು. ಅವರು ಮರಳಿ ಬಂದು ಅತಿಥಿಗಳಿಗೆ ಖರ್ಜೂರ, ಮಾಂಸ, ನೀರು ಕೊಟ್ಟು ಸತ್ಕರಿಸಿದರು. ಹಸಿವು ತಣಿದ ಬಳಿಕ ಪ್ರವಾದಿವರ್ಯರು(ಸ), ಅಂತ್ಯದಿನದಲ್ಲಿ ಈ ಅನುಗ್ರಹದ ಬಗ್ಗೆಯೂ ವಿಚಾರಣೆ ನಡೆಯಲಿದೆ ಎಂದು ತಮ್ಮ ಸಂಗಾತಿಗಳಿಗೆ ತಿಳಿಸಿದರು. ಈ ಘಟನೆ ಸಹೀಹ್ ಮುಸ್ಲಿಮ್‌ನಲ್ಲಿದೆ. ಹಸಿದವರು ಉಂಡ ಒಂದು ಹೊತ್ತಿನ ಊಟಕ್ಕೇ ಲೆಕ್ಕ ಕೊಡಬೇಕಿದ್ದರೆ, ವರ್ಷವಿಡೀ ಮನೆಯಂಗಳದಲ್ಲೇ ಸಿಹಿನೀರು ಪಡೆದವರು ಎಂಥ ಲೆಕ್ಕ ಕೊಡಬೇಕಾದೀತು?

ಕೃತಜ್ಞತೆಯು ನಾಲಿಗೆಯಲ್ಲೇ ಮುಗಿಯುವುದಿಲ್ಲ. ಹಗಲೂ ರಾತ್ರಿ ಪಂಪು ಓಡಿಸಿ ಸಿಹಿನೀರಿನ ಮಟ್ಟವನ್ನು ಒಂದು ಅಡಿ ಇಳಿಸಿದರೆ, ಆಳದ ಉಪ್ಪುನೀರು ಕ್ರಮೇಣ 40 ಅಡಿಯವರೆಗೂ ಮೇಲೇರಬಹುದು. ಆಗ ಕೆಡುವುದು ಪಂಪು ಓಡಿಸಿದವನ ಬಾವಿಯೊಂದೇ ಅಲ್ಲ, ನೆರೆಯವನದ್ದೂ ಕೆಡುತ್ತದೆ. ಮನೆಯ ಕೊಳಚೆಯನ್ನು ಅಜಾಗರೂಕತೆಯಿಂದ ಹರಿಯಬಿಟ್ಟರೂ ಅಷ್ಟೇ. ನೆರೆಯವನ ಹಕ್ಕನ್ನು ಇಷ್ಟೊಂದು ಒತ್ತಿ ಹೇಳಿದ ಧರ್ಮದಲ್ಲಿ ಇದು ಸಣ್ಣ ತಪ್ಪಲ್ಲ. ನೀರು ನೆಲದಾಳಕ್ಕೆ ಇಳಿದುಹೋದರೆ ಅದನ್ನು ಮರಳಿ ತಂದುಕೊಡುವವರು ಯಾರೆಂಬ ಪ್ರಶ್ನೆಯೊಂದಿಗೇ ಸೂರಃ ಅಲ್ ಮುಲ್ಕ್ ಮುಗಿಯುತ್ತದೆ.

ಪ್ರವಾದಿವರ್ಯರು(ಸ) ಒಂದು ಮುದ್ದ್ ನೀರಿನಲ್ಲಿ ವುಝೂ ಮಾಡುತ್ತಿದ್ದರು. ಅದು ಒಂದು ಲೀಟರಿಗಿಂತಲೂ ಕಡಿಮೆ. ಸ್ನಾನಕ್ಕೆ ಅವರಿಗೆ ನಾಲ್ಕೈದು ಮುದ್ದ್ ಸಾಕಾಗುತ್ತಿತ್ತು. ನಾವಾದರೋ ನಲ್ಲಿ ತೆರೆದಿಟ್ಟು, ಮಾತಾಡುತ್ತಾ ವುಝೂ ಮುಗಿಸುತ್ತೇವೆ. ಇಂದೇ ಮಕ್ಕಳ ಕೈಗೆ ಒಂದು ತಂಬಿಗೆ ನೀರು ಕೊಟ್ಟು, ಅಷ್ಟರಲ್ಲೇ ವುಝೂ ಪೂರ್ಣಗೊಳಿಸಲು ಹೇಳಿ ನೋಡಿ. ಆ ನೀರು ಎಲ್ಲಿಂದ ಬಂತು, ಅದು ಏಕೆ ಉಪ್ಪಾಗಲಿಲ್ಲ ಎಂಬುದನ್ನೂ ವಿವರಿಸಿ. ಅಲ್ಲಾಹನು ತಮ್ಮನ್ನು ಪ್ರತಿದಿನವೂ ಪಾಲಿಸುತ್ತಿದ್ದಾನೆಂಬ ಅರಿವು ಅವರಲ್ಲಿ ಮೂಡಲು ಆ ಒಂದು ತಂಬಿಗೆ ನೀರು ಸಾಕು.