ನಾಜೂಕಾದ ಕೂಸಿಗೆ ಮನೆಯಲ್ಲಿ ದಾದಿ: ಆರಿಸುವ ಮೊದಲು



ಅರ್ಜಿ ಬರೆಯುವುದು, ಭವಿಷ್ಯನಿಧಿಯ ಲೆಕ್ಕ ನೋಡಿಕೊಳ್ಳುವುದು ಮುಂತಾದ ಪಾಠಗಳನ್ನು ಈ ಪುಟದಲ್ಲಿ ಬರೆಯುತ್ತ ಬಂದಿದ್ದೇವೆ. ಈ ಸಲದ ಪಾಠ ಬೇರೆ ತರಹದ್ದು. ನಾವು ಡಾಕ್ಟರರಲ್ಲ, ಗಿರಣಿಯ ಕಾರಕೂನರು. ಆದರೂ ಬರೆಯಲು ಕಾರಣವಿದೆ. ಸಂಜೆ ಪಾಳಿ ಮುಗಿಸಿ ನಮ್ಮ ವಾಚನಾಲಯಕ್ಕೆ ಪತ್ರಿಕೆ ಓದಲು ಬರುವ ಗೃಹಸ್ಥರೊಬ್ಬರ ಮನೆಯಲ್ಲಿ 28 ವಾರಕ್ಕೇ ಕೂಸು ಹುಟ್ಟಿತು. ತೂಕ ಒಂದು ಕಿಲೋ. ಎರಡೂವರೆ ತಿಂಗಳು ಆಸ್ಪತ್ರೆಯಲ್ಲಿದ್ದು ಮನೆಗೆ ಬರುವಾಗ ಅದರ ಮೂಗಿಗೆ ಆಕ್ಸಿಜನ್ನಿನ ಕೊಳವೆ, ಹಾಲು ಹಾಕಲು ಮೂಗಿನಿಂದ ಹೊಟ್ಟೆಗೆ ಇಳಿದ ಇನ್ನೊಂದು ಕೊಳವೆ. "ಮನೆಯಲ್ಲಿ ನರ್ಸ್ ಇಟ್ಟುಕೊಳ್ಳಿ" ಎಂದರು. ಎಂಥವಳನ್ನು, ಎಷ್ಟು ಹೊತ್ತಿಗೆ, ಯಾವ ಕೆಲಸಕ್ಕೆ ಎಂದು ಯಾರೂ ಬಿಡಿಸಿ ಹೇಳಲಿಲ್ಲ. ಮುಂದೆ ನಡೆದುದನ್ನು ಅವರ ಒಪ್ಪಿಗೆ ಪಡೆದೇ ಇಲ್ಲಿ ಬರೆಯುತ್ತಿದ್ದೇವೆ.

ಅವರು ಒಂದು ಬ್ಯೂರೋಗೆ ಫೋನು ಮಾಡಿದರು. ಎಲ್ಲ ಬಲ್ಲ ನರ್ಸನ್ನು ಕಳಿಸುತ್ತೇವೆಂದು ಉತ್ತರ ಬಂತು. ಬಿಳಿ ಕೋಟು ತೊಟ್ಟ ಹೆಣ್ಣುಮಗಳೊಬ್ಬಳು ಬಂದಳು. ರಾತ್ರಿ 8ರಿಂದ ಬೆಳಿಗ್ಗೆ 8ರ ತನಕ ಅವಳ ಪಾಳಿ. ಹಾಲು, ಜ್ವರ, ಉಸಿರು ಎಲ್ಲವನ್ನೂ ಒಂದು ನೋಟುಬುಕ್ಕಿನಲ್ಲಿ ಬರೆದಿಡುವ ಕಟ್ಟು. ನಾಲ್ಕನೆಯ ದಿನ ಬೆಳಿಗ್ಗೆ ನಮ್ಮ ಗೆಳೆಯರು ಆ ಪುಸ್ತಕ ತೆರೆದು ನೋಡಿದರು. ರಾತ್ರಿಯ ಎಂಟು ನಮೂದುಗಳೂ ಒಂದೇ ಶಾಯಿ, ಒಂದೇ ಓರೆ, ಒಂದೇ ಒತ್ತು. ಎಂಟು ಸಲವೂ ಜ್ವರ 36.8. ಹಾಜರಿ ಪುಸ್ತಕವನ್ನು ತಿಂಗಳ ಕೊನೆಗೆ ಒಂದೇ ಬೈಠಕ್ಕಿನಲ್ಲಿ ತುಂಬಿದರೆ ಹೇಗೆ ಕಾಣುತ್ತದೆಂಬುದನ್ನು ನಮ್ಮಂಥವರಿಗೆ ಬೇರೆ ಹೇಳಬೇಕೆ? ಅಂದು ರಾತ್ರಿ ಅವರು ಮಲಗಿದಂತೆ ಮಾಡಿ ಎಚ್ಚರವಿದ್ದರು. ಎರಡು ಗಂಟೆಗೆ ಎದ್ದು ನೋಡಿದರೆ ಅವಳಿಗೆ ಗಾಢನಿದ್ರೆ. ಆಕ್ಸಿಜನ್ನಿನ ಕೊಳವೆ ಮೂಗಿನಿಂದ ಜಾರಿ ಕೆನ್ನೆಯ ಮೇಲೆ ಬಿದ್ದಿತ್ತು. ಕೂಸಿನ ತುಟಿ ನೇರಳೆ ಬಣ್ಣಕ್ಕೆ ತಿರುಗಿತ್ತು. ಕೊಳವೆಯನ್ನು ಸರಿಪಡಿಸಿದರು. ಕೂಸು ಉಳಿಯಿತು.

ಬೆಳಿಗ್ಗೆ ಕೇಳಿದಾಗ ಆ ಹೆಣ್ಣುಮಗಳು ಅತ್ತುಬಿಟ್ಟಳು. ವಯಸ್ಸಾದವರಿಗೆ ಸ್ನಾನ ಮಾಡಿಸಿ, ಊಟ ಮಾಡಿಸಿ ಮಾತ್ರ ಅವಳಿಗೆ ರೂಢಿ. ಏನು ಕೇಳಿದರೂ "ಬರುತ್ತದೆ" ಎಂದು ಹೇಳಬೇಕೆಂದು ಬ್ಯೂರೋದವರ ಅಪ್ಪಣೆಯಾಗಿತ್ತು. ಹಗಲೂ ಇನ್ನೊಂದು ಮನೆಯಲ್ಲಿ ದುಡಿದು ಬರುತ್ತಿದ್ದಳು. ಅವಳನ್ನು ಬೈದು ಫಲವೇನು? ನೋಡಿ ಇಟ್ಟುಕೊಳ್ಳದ ತಪ್ಪು ನಮ್ಮ ಗೆಳೆಯರದೂ ಹೌದೆಂದು ಅವರೇ ಹೇಳುತ್ತಾರೆ.

ಇಲ್ಲಿಂದ ಪಾಠ ಆರಂಭ. ಮುಂಬಯಿಯಲ್ಲಿ ಬಿಳಿ ಕೋಟು ತೊಟ್ಟವರನ್ನೆಲ್ಲ ನರ್ಸ್ ಎಂದೇ ಕರೆಯುವ ವಾಡಿಕೆ. ವಾಸ್ತವವಾಗಿ ಜಿ.ಎನ್.ಎಂ. ಎಂದರೆ ಮೂರು ವರ್ಷದ ಶಿಕ್ಷಣ, ಎ.ಎನ್.ಎಂ. ಎಂದರೆ ಎರಡು ವರ್ಷದ್ದು. ಇವರ ಹೆಸರು ರಾಜ್ಯದ ನರ್ಸಿಂಗ್ ಕೌನ್ಸಿಲ್ಲಿನಲ್ಲಿ ನೋಂದಣಿಯಾಗಿರುತ್ತದೆ. ನೋಂದಣಿಯ ಕಾಗದವನ್ನು ತೋರಿಸಿರೆಂದು ಕೇಳುವುದು ಅವಮಾನವಲ್ಲ. ಆಯಾ ಅಥವಾ ಮಾವಶಿ ಎಂದರೆ ಬೇರೆ. ಅವರಿಂದಲೂ ದೊಡ್ಡ ಉಪಕಾರವಿದೆ. ಬಟ್ಟೆ ಒಗೆಯುವುದು, ಬಾಣಂತಿಗೆ ಅಡುಗೆ ಮಾಡುವುದು ಸಣ್ಣ ಕೆಲಸವಲ್ಲ. ಆದರೆ ಕೊಳವೆಯ ಕೆಲಸವನ್ನು ಕಲಿಯದವರ ಕೈಗೆ ಕೊಡಬಾರದು.

ಕಾಗದವೊಂದೇ ಸಾಲದು ಎಂಬುದನ್ನೂ ಹೇಳಬೇಕು. ಮೂರು ವರ್ಷ ಓದಿದ ನರ್ಸೂ ಎರಡು ಕಿಲೋ ಕೂಸನ್ನು ಮುಟ್ಟಿಯೇ ಇರದಿರಬಹುದು. ನಮ್ಮ ಮಹಾರಾಷ್ಟ್ರದ ಗಡಚಿರೋಲಿ ಜಿಲ್ಲೆಯಲ್ಲಿ ಡಾಕ್ಟರ್ ಅಭಯ ಬಂಗ್ ಮತ್ತು ಡಾಕ್ಟರ್ ರಾಣಿ ಬಂಗ್ ದಂಪತಿಗಳು 1993ರಲ್ಲಿ ಒಂದು ಪ್ರಯೋಗ ಆರಂಭಿಸಿದರು. 39 ಹಳ್ಳಿಗಳಲ್ಲಿ, ಹೆಚ್ಚು ಶಾಲೆ ಕಲಿಯದ ಅದೇ ಊರಿನ ಹೆಂಗಸರಿಗೆ ಹಸುಗೂಸಿನ ಆರೈಕೆ ಕಲಿಸಿ, ಮನೆಮನೆಗೆ ಕಳಿಸಿ, ಅವರ ಕೆಲಸವನ್ನು ಮೇಲಿಂದ ಮೇಲೆ ಪರೀಕ್ಷಿಸಿದರು. ಮೂರನೆಯ ವರ್ಷದ ಹೊತ್ತಿಗೆ ಹಸುಗೂಸುಗಳ ಸಾವು ಶೇಕಡಾ 62ರಷ್ಟು ಇಳಿಯಿತೆಂದು 1999ರಲ್ಲಿ ಪ್ರಕಟವಾಯಿತು. ಆ ಕೂಸುಗಳಿಗೆ ಯಂತ್ರ, ಕೊಳವೆ ಇರಲಿಲ್ಲ, ನಿಜ. ಆದರೆ ಇಂತಿಂಥ ಕೆಲಸವೆಂದು ಹೆಸರಿಟ್ಟು ಕಲಿಸಿ, ಮಾಡಿದ್ದನ್ನು ನೋಡುವವರೊಬ್ಬರಿದ್ದರೆ ಕೈ ಪಳಗುತ್ತದೆ.

ಆದಕಾರಣ ದಾದಿಯನ್ನು ಹುಡುಕುವ ಮೊದಲು ಕೆಲಸದ ಪಟ್ಟಿ ಬರೆಯಿರಿ. ಆಸ್ಪತ್ರೆಯಿಂದ ಬಿಡುವುದಕ್ಕೆ ಒಂದು ವಾರ ಮೊದಲೇ ವಾರ್ಡಿನ ಸಿಸ್ಟರ್ ಹತ್ತಿರ ಕುಳಿತು, ಎಷ್ಟು ಹೊತ್ತಿಗೊಮ್ಮೆ ಹಾಲು, ಎಷ್ಟು ಎಂ.ಎಲ್., ಔಷಧ ಯಾವಾಗ, ಆಕ್ಸಿಜನ್ ಎಷ್ಟು, ಬೆರಳ ಯಂತ್ರದಲ್ಲಿ ಅಂಕಿ ಎಷ್ಟಕ್ಕಿಳಿದರೆ ಗಾಬರಿ ಎಂಬುದನ್ನೆಲ್ಲ ಬರೆಸಿಕೊಳ್ಳಿ. ಆಮೇಲೆ ಆ ಪ್ರತಿಯೊಂದು ಕೆಲಸವನ್ನು ತಂದೆತಾಯಿಗಳಿಬ್ಬರೂ ಸಿಸ್ಟರ್ ಎದುರಿಗೆ ತಮ್ಮ ಕೈಯಿಂದಲೇ ಮಾಡಿ ತೋರಿಸಬೇಕು. ಸಾಧ್ಯವಾದರೆ ಒಂದು ಹಗಲು, ಒಂದು ರಾತ್ರಿ ಅಲ್ಲಿಯೇ ಉಳಿದು ಎಲ್ಲವನ್ನೂ ನೀವೇ ಮಾಡಿ. ತಮಗೆ ಬಾರದ ಕೆಲಸಕ್ಕೆ ಇನ್ನೊಬ್ಬರನ್ನು ಇಟ್ಟರೆ, ಅವರು ಸರಿ ಮಾಡಿದರೋ ತಪ್ಪು ಮಾಡಿದರೋ ತಿಳಿಯುವ ಬಗೆ ಹೇಗೆ? ಹಾಲಿನ ಕೊಳವೆಯನ್ನೇ ತೆಗೆದುಕೊಳ್ಳಿ. ಪ್ರತಿ ಸಲ ಹಾಲು ಹಾಕುವ ಮೊದಲು ಮೂಗಿನ ಹತ್ತಿರದ ಗುರುತು ಸರಿದಿದೆಯೇ ನೋಡಬೇಕು. ತುದಿ ಹೊಟ್ಟೆಯಲ್ಲೇ ಇದೆಯೆಂದು ಆಸ್ಪತ್ರೆಯಲ್ಲಿ ಕಲಿಸಿದ ರೀತಿಯಲ್ಲಿ ಖಾತ್ರಿ ಮಾಡಿಕೊಳ್ಳಬೇಕು. ಸರಿದ ಕೊಳವೆಯಲ್ಲಿ ಹಾಲು ಹಾಕಿದರೆ ಅದು ಶ್ವಾಸಕೋಶಕ್ಕೆ ಹೋದೀತು. ಹಾಲು ತಾನಾಗಿ ಇಳಿಯಬೇಕು, ಸಿರಿಂಜನ್ನು ಒತ್ತಿ ತಳ್ಳಬಾರದು. ಇಷ್ಟು ತಿಳಿದ ತಾಯಿ ಅವಸರದ ಕೈಯನ್ನು ಒಂದೇ ನೋಟಕ್ಕೆ ಗುರುತಿಸುತ್ತಾಳೆ.

ನಮ್ಮ ಗೆಳೆಯರು ಎರಡನೆಯ ಸಲ ಮೂವರನ್ನು ಕರೆದು ಮಾತಾಡಿಸಿದರು. "ರಾತ್ರಿ ಎರಡಕ್ಕೆ ಹಾಲಿನ ಕೊಳವೆ ಹೊರಬಂತು, ಏನು ಮಾಡುವಿರಿ?" ಎಂಬುದೊಂದು ಪ್ರಶ್ನೆ. "ನೂರು ಸಲ ಹಾಕಿದ್ದೇನೆ, ತಳ್ಳಿಬಿಡುತ್ತೇನೆ" ಎಂದವಳನ್ನು ಅವರು ಬಿಟ್ಟರು. "ಹಾಲು ನಿಲ್ಲಿಸುತ್ತೇನೆ, ನಿಮ್ಮನ್ನು ಎಬ್ಬಿಸುತ್ತೇನೆ, ಆಸ್ಪತ್ರೆಗೆ ಕೇಳೋಣ" ಎಂದವಳನ್ನು ಆರಿಸಿದರು. ಆಕ್ಸಿಜನ್ ಅಂಕಿ ಇಳಿದರೆ ಏನೆಂದು ಕೇಳಿದಾಗ ಅವಳು, ಮೊದಲು ಕೂಸಿನ ತುಟಿ, ಎದೆ ನೋಡುತ್ತೇನೆ, ಆಮೇಲೆ ಕೊಳವೆ, ಕೊನೆಗೆ ಯಂತ್ರ ಎಂದಳಂತೆ. ಬರೆದುಕೊಟ್ಟದ್ದಕ್ಕಿಂತ ಆಕ್ಸಿಜನ್ ಹೆಚ್ಚಿಸಿದರೆ ಒಳ್ಳೆಯದೇ ಎಂದು ಭಾವಿಸುವವರಿದ್ದಾರೆ. ದಿನ ತುಂಬದೆ ಹುಟ್ಟಿದ ಕೂಸಿಗೆ ಮಿತಿಮೀರಿದ ಆಕ್ಸಿಜನ್ನಿನಿಂದ ಕಣ್ಣಿಗೆ ಅಪಾಯ. ಅಂಥ ಕೂಸುಗಳ ಕಣ್ಣಿನ ಪರೀಕ್ಷೆಯನ್ನು ಹುಟ್ಟಿದ 30 ದಿನಗಳೊಳಗೆ ಮೊದಲು ಮಾಡಿಸಬೇಕು, ಮುಂದಿನ ತಾರೀಖುಗಳನ್ನೂ ತಪ್ಪಿಸಬಾರದು.

ಇನ್ನು ಹೊತ್ತಿನ ಮಾತು. ಇಪ್ಪತ್ನಾಲ್ಕು ತಾಸು ನರ್ಸ್ ಇಡುವುದು ನಮ್ಮ ಪಗಾರಕ್ಕೆ ಆಗದ ಮಾತು. ಒಂದೇ ಪಾಳಿಗೆ ಹಣವಿದ್ದರೆ ರಾತ್ರಿಯದನ್ನೇ ಕೊಳ್ಳಿರೆಂದು ನಾವು ಹೇಳುತ್ತೇವೆ. ಹಗಲಿಗೆ ನೆರೆಯವರು, ಚಾಳಿನ ಅಕ್ಕತಂಗಿಯರು ಇರುತ್ತಾರೆ. ನಿದ್ದೆಗೆಟ್ಟ ತಾಯಿಯ ಕೈ ಮೂರನೆಯ ರಾತ್ರಿಗೆ ಔಷಧದ ಅಳತೆ ತಪ್ಪುತ್ತದೆ. ಆದರೆ ಬರುವವಳು ಹಗಲು ಬೇರೆಲ್ಲೂ ದುಡಿಯುತ್ತಿಲ್ಲವೆಂದು ಕೇಳಿಕೊಳ್ಳಿ. ಅವಳಿಗೆ ಚಹಾ, ಗಾಳಿ, ಕೂರಲು ಕುರ್ಚಿ ಇರಲಿ. ಕೂಸನ್ನು ಮಡಿಲಲ್ಲಿಟ್ಟುಕೊಂಡು ತೂಕಡಿಸಬಾರದು. ಕೂಸು ಬೇರೆಯೇ ಗಟ್ಟಿ ಹಾಸಿಗೆಯಲ್ಲಿ ಅಂಗಾತ ಮಲಗಬೇಕು.

ಒಂದು ಕೆಲಸಕ್ಕೆ ಮಾತ್ರ ನರ್ಸ್ ಬೇಡ. 1978ರಲ್ಲಿ ಕೊಲಂಬಿಯಾ ದೇಶದ ಬೊಗೊಟಾ ನಗರದಲ್ಲಿ ಡಾಕ್ಟರ್ ಎಡ್ಗರ್ ರೇ ಎಂಬವರು ಆರಂಭಿಸಿದ ಕಾಂಗರೂ ಪದ್ಧತಿಯಲ್ಲಿ ಕೂಸನ್ನು ಬರಿಮೈಯಲ್ಲಿ ಎದೆಗವಚಿಕೊಳ್ಳುತ್ತಾರೆ. ವಿಶ್ವ ಆರೋಗ್ಯ ಸಂಸ್ಥೆ 2022ರಲ್ಲಿ ಸಣ್ಣ ಕೂಸುಗಳಿಗೆ ದಿನಕ್ಕೆ 8ರಿಂದ 24 ತಾಸು ಇದನ್ನು ಮಾಡಲು ಹೇಳಿತು. ತಂದೆಯ ಎದೆಯೂ ಆದೀತು. ನಮ್ಮ ಗೆಳೆಯರು ಡಾಕ್ಟರರನ್ನು ಕೇಳಿಕೊಂಡು, ಪಾಳಿ ಮುಗಿಸಿ ಬಂದು ಮೈ ತೊಳೆದು, ಹೀಗೆಯೇ ಕೂರುತ್ತಿದ್ದರು.

ಭಾಷೆಯ ತೊಡಕು ನಮ್ಮವರಿಗೇ ಹೆಚ್ಚು. ನರ್ಸಿಗೆ ಮರಾಠಿ ಇಲ್ಲವೆ ಮಲಯಾಳ, ಊರಿನಿಂದ ಬಂದ ತಾಯಿಗೆ ಕನ್ನಡವಷ್ಟೆ. ಉಸಿರು, ವಾಂತಿ, ನೀಲಿ, ಸಾಕು, ಎಬ್ಬಿಸಿ ಎಂಬಂಥ ಹತ್ತು ಹನ್ನೆರಡು ಮಾತುಗಳನ್ನು ಎರಡೂ ಭಾಷೆಯಲ್ಲಿ ಬರೆದು ಗೋಡೆಗೆ ಅಂಟಿಸಿ.

ಅಜ್ಜಿಯಂದಿರದು ಇನ್ನೊಂದು ಪ್ರಕರಣ. ಗದಗಿನಿಂದ ಬಂದ ಗೆಳೆಯರ ಅತ್ತೆ ಬಾಣಂತಿ ಕೋಣೆಯಲ್ಲಿ ಅಗ್ಗಿಷ್ಟಿಕೆ ಹಚ್ಚಿ ಸಾಂಬ್ರಾಣಿ ಹಾಕಲು ಹೊರಟರು. ನರ್ಸ್ ತಡೆದಳು. "ಹೊಗಿ ಕೊಡದಿದ್ರ ಕೂಸು ಹೆಂಗ ಗಟ್ಟಿ ಆಗ್ತದ?" ಎಂದು ಅವರಿಗೆ ಸಿಟ್ಟು. ಅಳಿಯ ಕೈಮುಗಿದು, "ಅತ್ತಿ, ಇದರ ಪುಪ್ಪುಸ ಇನ್ನೂ ಹಸಿ ಅದ, ಮ್ಯಾಲ ಆಕ್ಸಿಜನ್ ಇದ್ದಲ್ಲಿ ಕಿಡಿ ಬಿದ್ರ ಭುಗಿಲ್ ಅಂತದ" ಎಂದು ತಿಳಿಸಿ ಹೇಳಬೇಕಾಯಿತು. ಜೇನು ನೆಕ್ಕಿಸುವುದು, ಮೂಗಿಗೆ ಎಣ್ಣೆ ಬಿಡುವುದು ಇವೂ ಬೇಡ. ಅತ್ತೆಯವರಿಗೆ ಕೈತೊಳೆಸುವ ಅಧಿಕಾರ ಕೊಟ್ಟರು. ಬಂದವರಾರೂ ಸಾಬೂನು ಹಚ್ಚದೆ ಒಳಗೆ ಕಾಲಿಡದಂತೆ ಅವರು ನೋಡಿಕೊಂಡರಂತೆ.

ಖರ್ಚಿನ ವಿಷಯ ಚಿಕ್ಕದಾಗಿ ಹೇಳುತ್ತೇವೆ. ಇ.ಎಸ್.ಐ. ಇದ್ದವರ ಕೂಸಿಗೂ ಚಿಕಿತ್ಸೆಯ ಹಕ್ಕಿದೆ. 2011ರಿಂದ ಜನನಿ ಶಿಶು ಸುರಕ್ಷಾ ಕಾರ್ಯಕ್ರಮದಡಿ ಸರಕಾರಿ ಆಸ್ಪತ್ರೆಗಳಲ್ಲಿ ಅಸ್ವಸ್ಥ ಹಸುಗೂಸಿನ ಚಿಕಿತ್ಸೆ ಉಚಿತ. ಮುಂದೆ ಒಂದು ವರ್ಷದ ತನಕದ ಕೂಸುಗಳಿಗೂ ಇದನ್ನು ವಿಸ್ತರಿಸಿದರು. ಮನೆಯ ನರ್ಸಿನ ಪಗಾರ ಮಾತ್ರ ಸಾಮಾನ್ಯವಾಗಿ ನಮ್ಮ ಕಿಸೆಯಿಂದಲೇ. ಬ್ಯೂರೋದೊಡನೆ ಮಾತನಾಡುವಾಗ, ನರ್ಸ್ ಬಾರದ ದಿನ ಬದಲಿ ಯಾರು, ಅವರಿಗೂ ಈ ಕೆಲಸ ಬರುತ್ತದೆಯೇ ಎಂದು ಬರವಣಿಗೆಯಲ್ಲಿ ಪಡೆಯಿರಿ. ಕರೆಂಟು ಹೋದರೆ ಆಕ್ಸಿಜನ್ ಯಂತ್ರ ನಿಲ್ಲುತ್ತದೆ. ತುಂಬಿದ ಸಿಲಿಂಡರೊಂದು ಮನೆಯಲ್ಲಿರಬೇಕು, ಅದನ್ನು ತೆರೆಯಲು ಮನೆಯ ಇಬ್ಬರಿಗಾದರೂ ಬರಬೇಕು.

ಎಂಥ ಒಳ್ಳೆಯ ನರ್ಸಿದ್ದರೂ ಮನೆಯಲ್ಲಿ ಕಾಯಬಾರದ ಲಕ್ಷಣಗಳಿವೆ: ಹಾಲು ಬಿಡುವುದು, ಸೆಳವು, ಪಕ್ಕೆ ಒಳಸೆಳೆಯುವುದು, ತುಟಿ ನಾಲಗೆ ನೀಲಿಯಾಗುವುದು, ಮುಟ್ಟಿದರಷ್ಟೇ ಅಲುಗುವುದು, 37.5ಕ್ಕೆ ಏರಿದ ಅಥವಾ 35.5ಕ್ಕಿಂತ ಇಳಿದ ಮೈಬಿಸಿ. ಎರಡು ತಿಂಗಳೊಳಗಿನ ಕೂಸಿಗೆ ನಿಮಿಷಕ್ಕೆ 60 ಅಥವಾ ಹೆಚ್ಚು ಉಸಿರಾದರೂ ಅಷ್ಟೇ. ಪೂರಾ ಒಂದು ನಿಮಿಷ ಗಡಿಯಾರ ನೋಡಿ ಎಣಿಸಿ. ಆಕ್ಸಿಜನ್ ಮೇಲಿರುವ ಕೂಸಿಗೆ ಡಾಕ್ಟರರು ಬೇರೆ ಅಂಕಿ ಬರೆದಿದ್ದರೆ ಅದೇ ಪ್ರಮಾಣ.

ನಮ್ಮ ಗೆಳೆಯರ ಗೋಡೆಯ ಮೇಲಿದ್ದ ಪಟ್ಟಿಯ ಕನ್ನಡ ಪ್ರತಿಯೊಂದನ್ನು ವಾಚನಾಲಯದ ಮೇಜಿನ ಎಡ ಖಾನೆಯಲ್ಲಿ ಇಟ್ಟಿದ್ದೇವೆ. ಬೇಕಾದವರು ನಕಲು ಮಾಡಿಕೊಳ್ಳಬಹುದು, ಹಣ ಕೊಡಬೇಕಿಲ್ಲ. ಹಾಲು, ಔಷಧ, ಆಕ್ಸಿಜನ್ನಿನ ಅಂಕಿಗಳು ಅವರ ಕೂಸಿನವಾದುದರಿಂದ ಅವನ್ನು ಅಳಿಸಿ ಜಾಗ ಖಾಲಿ ಬಿಟ್ಟಿದ್ದೇವೆ. ಅಲ್ಲಿ ನಿಮ್ಮ ಡಾಕ್ಟರರಿಂದಲೇ ಬರೆಸಿಕೊಳ್ಳಿ.